ಜವಾರಿ ಸದ್ದು

2020ರ ಲಾಕ್‌ಡೌನ್ ದಿನಗಳಲ್ಲಿ ಆನ್‌ಲೈನ್‌ನಲ್ಲಿ ಒಂದು ಕಲಿಂಬಾ ತರಿಸಿಕೊಂಡೆ. ಅಂಗೈಗಿಂತ ತುಸು ದೊಡ್ಡ ಮರದ ಪೆಟ್ಟಿಗೆ, ಅದರ ಮೇಲೆ ಸಾಲಾಗಿ 17 ಲೋಹದ ಪಟ್ಟಿ. ಎರಡು ಹೆಬ್ಬೆರಳಲ್ಲಿ ಮೀಟಿದರೆ, ಮಳೆ ನಿಂತ ಮೇಲೆ ಸೂರಿನಿಂದ ಹನಿ ಬಿದ್ದ ಹಾಗೆ ಸದ್ದು. ಜೊತೆಗೆ ಶ್ರುತಿ ಮಾಡಲು ಒಂದು ಪುಟ್ಟ ಸುತ್ತಿಗೆ, ಸ್ವರಗಳ ಹೆಸರು ಬರೆದ ಅಂಟುಚೀಟಿಗಳೂ ಬಂದಿದ್ದವು. ಸಂಗೀತ ಕಲಿಯದವರೂ ಹತ್ತು ನಿಮಿಷದಲ್ಲಿ ಏನಾದರೊಂದು ನುಡಿಸಬಹುದು. ಅದಕ್ಕೇ ಇರಬೇಕು, ಆ ವರ್ಷ ನನ್ನ ಪರಿಚಯದ ನಾಲ್ಕೈದು ಮನೆಗಳಿಗೆ ಕಲಿಂಬಾ ಬಂತು.

ನನ್ನದರಲ್ಲಿ ಒಂದು ತೊಂದರೆ ಇತ್ತು. ಎಡಗಡೆಯಿಂದ ಮೂರನೇ ಪಟ್ಟಿ ‘ಟಿಂಗ್’ ಅನ್ನುವ ಬದಲು ‘ಝೀಂ’ ಅನ್ನುತ್ತಿತ್ತು. ವಿಡಿಯೋ ನೋಡಿಕೊಂಡು ಪಟ್ಟಿಯನ್ನು ಆಚೀಚೆ ಸರಿಸಿದೆ. ಹೋಗಲಿಲ್ಲ. ಕೊನೆಗೆ ಕೆಳಗೆ ಕಾಗದದ ಚೂರು ತುರುಕಿದೆ. ಸದ್ದು ಹೋಯಿತು. ಅದೇ ರಾತ್ರಿ ಯೂಟ್ಯೂಬ್ ತಾನಾಗಿಯೇ ಇನ್ನೊಂದು ವಿಡಿಯೋ ಮುಂದಿಟ್ಟಿತು. ಜಿಂಬಾಬ್ವೆಯ ಒಂದು ಹಳ್ಳಿಯ ಅಂಗಳ. ಇಬ್ಬರು ಗಂಡಸರು ದೊಡ್ಡ ಸೋರೆಬುರುಡೆಯೊಳಗೆ ಎರಡೂ ಕೈ ಇಟ್ಟುಕೊಂಡು ಕೂತಿದ್ದರು. ನುಡಿಸಲು ಶುರು ಮಾಡಿದರೆ ಒಂದೊಂದು ಸ್ವರವೂ ‘ಝೀಂ’ ಅನ್ನುತ್ತಿತ್ತು. ಜೇನುಗೂಡಿನ ಪಕ್ಕ ಕೂತು ಹಾಡು ಕೇಳಿದ ಹಾಗೆ. ನಾನು ಸಂಜೆಯಷ್ಟೇ ಕಾಗದ ತುರುಕಿ ಬಾಯಿ ಮುಚ್ಚಿಸಿದ್ದ ಸದ್ದನ್ನು ಅವರು ಬೇಕು ಅಂತಲೇ, ಇನ್ನಷ್ಟು ಜೋರಾಗಿ ಬರಿಸುತ್ತಿದ್ದರು. ಎದ್ದು ಹೋಗಿ ಆ ಕಾಗದದ ಚೂರನ್ನು ಸೂಜಿಯಿಂದ ಎಬ್ಬಿಸಿ ತೆಗೆದೆ.

ಆ ವಾದ್ಯದ ಹೆಸರು ಎಂಬಿರಾ. ಫುಟ್‌ಬಾಲ್ ಆಟಗಾರ ಎಂಬಾಪೆಯ ಹೆಸರಿನ ಹಾಗೆ, ತುಟಿ ಮುಚ್ಚಿಕೊಂಡು ಹೊರಡುವ ಒಂದು ‘ಮ್’ ಮೊದಲು ಬರುತ್ತದೆ. ಕನ್ನಡದಲ್ಲಿ ಬರೆದರೆ ಅದು ಹಳೇ ಮಾತಿನಲ್ಲಿ ‘ಅನ್ನುತ್ತೀರಾ?’ ಅಂತ ಕೇಳಿದ ಹಾಗೆ ಆಗುತ್ತದೆ. ಬರೀ ಆಕಸ್ಮಿಕ, ಆದರೂ ನನಗೆ ಇಷ್ಟ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಆಫ್ರಿಕಾದ ಸಂಗೀತ ಅಂದರೆ ನಮಗೆ ಮೊದಲು ನೆನಪಾಗುವುದು ಡೋಲು. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿಗಳ ಡಮಾಮಿ ಕುಣಿತ ನೋಡಿದವರಿಗಂತೂ ಅದು ಸಹಜವೇ. ಎಂಬಿರಾ ಬೇರೆ ಥರ. ಗಟ್ಟಿ ಮರದ ಒಂದು ಹಲಗೆ, ಅದರ ಮೇಲೆ 22ರಿಂದ 28 ಕಬ್ಬಿಣದ ಕಡ್ಡಿಗಳು. ಹಿಂದೆ ಕಮ್ಮಾರರು ಬಡಿದು ಚಪ್ಪಟೆ ಮಾಡಿ ಕೊಡುತ್ತಿದ್ದರು. ಈಗ ಸೈಕಲ್ ಕಡ್ಡಿ, ಹಳೇ ಸೋಫಾ ಸ್ಪ್ರಿಂಗ್‌ಗಳಿಂದಲೂ ಮಾಡುತ್ತಾರೆ. ಹಲಗೆಯ ಬಲಭಾಗದ ಕೆಳಮೂಲೆಯಲ್ಲಿ ಒಂದು ತೂತು. ಬಲಗೈ ಕಿರುಬೆರಳನ್ನು ಅದರಲ್ಲಿ ಸಿಕ್ಕಿಸಿ ಹಿಡಿದುಕೊಳ್ಳಬೇಕು. ಎರಡು ಹೆಬ್ಬೆರಳೂ ಕಡ್ಡಿಗಳನ್ನು ಕೆಳಕ್ಕೆ ಒತ್ತಿ ಬಿಡುತ್ತವೆ. ಬಲಗೈ ತೋರುಬೆರಳು ಮಾತ್ರ ಕೆಳಗಿನಿಂದ ಮೇಲಕ್ಕೆ ಎತ್ತಿ ಮೀಟುತ್ತದೆ. ಸದ್ದು ತುಂಬಿಕೊಳ್ಳಲಿ ಅಂತ ಇಡೀ ವಾದ್ಯವನ್ನು ‘ಡೆಜೆ’ ಎಂಬ ಬುರುಡೆಯೊಳಗೆ ಇಟ್ಟು ನುಡಿಸುತ್ತಾರೆ. ಹಲಗೆಗೂ ಬುರುಡೆಗೂ ಸಡಿಲವಾಗಿ ಮೊಳೆ ಹೊಡೆದು ಸಿಕ್ಕಿಸಿದ ಸೋಡಾ ಬಾಟಲಿ ಮುಚ್ಚಳಗಳು ಇರುತ್ತವೆ. ಮುಚ್ಚಳ ಬರುವ ಮೊದಲು ಬಸವನಹುಳುವಿನ ಚಿಪ್ಪು ಕಟ್ಟುತ್ತಿದ್ದರು. ಆ ‘ಝೀಂ’ ಹುಟ್ಟುವುದು ಅಲ್ಲಿಂದ.

ಇದು ನನಗೆ ಪೂರ್ತಿ ಹೊಸದೇನಲ್ಲ ಅನ್ನಿಸಿತು. ಧಾರವಾಡದಲ್ಲಿ ನಮ್ಮ ಎದುರು ಮನೆಯಲ್ಲಿ ಒಬ್ಬರು ಸಂಗೀತದ ಮಾಸ್ತರರಿದ್ದರು. ನಾವು ಮಕ್ಕಳೆಲ್ಲ ಕಾಕಾ ಅನ್ನುತ್ತಿದ್ದೆವು. ಸಂಜೆ ತಂಬೂರಿ ಶ್ರುತಿ ಮಾಡುವಾಗ ಕುದುರೆಯ ಮೇಲೆ, ಅಂದರೆ ತಂತಿಗಳನ್ನು ಹೊತ್ತು ನಿಲ್ಲುವ ಪಟ್ಟಿಯ ಮೇಲೆ, ತಂತಿಯ ಕೆಳಗೆ, ಒಂದು ದಾರದ ಎಳೆ ಸಿಕ್ಕಿಸಿ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಿದ್ದರು. ಎಲ್ಲೋ ಒಂದು ಜಾಗಕ್ಕೆ ಬಂದಾಗ ತಂತಿ ಒಮ್ಮೆಲೇ ಬಾಯಿ ಬಿಡುತ್ತಿತ್ತು. ಸಪ್ಪೆ ‘ಟಂ’ ಹೋಗಿ ಕೋಣೆ ತುಂಬ ಗುಂಗು. ‘ಜವಾರಿ ಬಿಡ್ತು ನೋಡು’ ಅನ್ನುತ್ತಿದ್ದರು ಕಾಕಾ. ನಮ್ಮ ಕಡೆ ಜವಾರಿ ಅಂದರೆ ನಾಟಿ ಅಂತಲೂ ಅರ್ಥ. ಜವಾರಿ ಕೋಳಿ, ಜವಾರಿ ಬೆಳ್ಳುಳ್ಳಿ, ಜವಾರಿ ಮೆಣಸಿನಕಾಯಿ. ಚಿಕ್ಕವಳಿದ್ದಾಗ ನನಗೆ ಅವೆರಡೂ ಒಂದೇ ಮಾತು. ಜವಾರಿ ಬಿಟ್ಟ ತಂಬೂರಿ ಅಂದರೆ ತನ್ನ ಮಣ್ಣಿನ ದನಿ ಸಿಕ್ಕಿದ ತಂಬೂರಿ ಅಂತಲೇ ಅಂದುಕೊಂಡಿದ್ದೆ.

ಎಂಬಿರಾದ ಕತೆ ಹುಡುಕುತ್ತಾ ಹೋದ ಈ ವರ್ಷಗಳಲ್ಲಿ ನಾನು ಮತ್ತೆ ಮತ್ತೆ ಬಂದು ನಿಂತದ್ದು ಈ ಜವಾರಿಯ ಹತ್ತಿರವೇ. ಯಾರ್‍ಯಾರೋ ಬಂದು ಆ ಸದ್ದನ್ನು ತೆಗೆಯಲು ನೋಡಿದ್ದಾರೆ. ಕೆಲವರು ಬೈದು, ಕೆಲವರು ಪ್ರೀತಿಯಿಂದ, ಕೆಲವರು ಪೊಲೀಸರನ್ನು ಕಳಿಸಿ.

ಪ್ರೀತಿಯಿಂದ ತೆಗೆದವರ ಮಾತು ಮೊದಲು ಮುಗಿಸುತ್ತೇನೆ. ಹ್ಯೂ ಟ್ರೇಸಿ ಎಂಬ ಇಂಗ್ಲಿಷ್ ಯುವಕ 1921ರಲ್ಲಿ ಅಣ್ಣನ ತೋಟಕ್ಕೆ ಅಂತ ದಕ್ಷಿಣ ರೊಡೇಷಿಯಾಕ್ಕೆ, ಅಂದರೆ ಇವತ್ತಿನ ಜಿಂಬಾಬ್ವೆಗೆ ಬಂದರು. ತೋಟದಲ್ಲಿ ದುಡಿಯುತ್ತಿದ್ದ, ಅಲ್ಲಿನ ಶೋನಾ ಜನಾಂಗದ ಕೂಲಿಯಾಳುಗಳ ಹಾಡಿಗೆ ಮನಸೋತು, ಜೀವನವಿಡೀ ಆಫ್ರಿಕಾ ಸುತ್ತಿ ಸಾವಿರಾರು ಹಾಡು ರೆಕಾರ್ಡ್ ಮಾಡಿದರು. 1954ರಲ್ಲಿ ಆಫ್ರಿಕನ್ ಸಂಗೀತಕ್ಕಾಗಿಯೇ ಒಂದು ಸಂಗ್ರಹಾಲಯ ಕಟ್ಟಿದರು. ಅವರು ಮಾಡಿದ ಕೆಲಸ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಪಾಶ್ಚಾತ್ಯರೂ ನುಡಿಸಲಿ ಅಂತ ಎಂಬಿರಾ ಕುಟುಂಬದ ವಾದ್ಯವೊಂದನ್ನು ಅವರ ಸ್ವರಶ್ರೇಣಿಗೆ ಹೊಂದಿಸಿ, ಕಲಿಂಬಾ ಎಂಬ ಹೆಸರಲ್ಲಿ ಮಾರಿದವರೂ ಅವರೇ. ಮುಚ್ಚಳಗಳು ಹೋದವು. ಸದ್ದು ‘ಶುದ್ಧ’ ಆಯಿತು. ಬೆಂಗಳೂರಿನ ನನ್ನ ಮನೆಗೆ ಕೊರಿಯರ್‌ನಲ್ಲಿ ಬಂದದ್ದು ಆ ಶುದ್ಧವಾದ ವಾದ್ಯದ ಮೊಮ್ಮಗು.

ಶೋನಾ ಜನರಿಗೆ ಆ ಸದ್ದು ಯಾಕೆ ಬೇಕು? ದೊಡ್ಡ ಎಂಬಿರಾದ ಪೂರ್ತಿ ಹೆಸರಿನ ಅರ್ಥವೇ ‘ಹಿರಿಯರ ಎಂಬಿರಾ’. ಹಿರಿಯರು ಅಂದರೆ ತೀರಿಹೋದ ಹಿರೀಕರು, ಅವರ ಭಾಷೆಯಲ್ಲಿ ‘ವದ್ಜಿಮು’. ಮಳೆ ಬಾರದಿದ್ದಾಗ, ಮನೆಯಲ್ಲಿ ಕಾಯಿಲೆ ಬಿದ್ದಾಗ, ಊರಿಗೆ ಕೇಡು ಬಂದಾಗ ‘ಬೀರಾ’ ಮಾಡುತ್ತಾರೆ. ರಾತ್ರಿ ಶುರುವಾದರೆ ಬೆಳಗಿನವರೆಗೆ. ಬೀಜ ತುಂಬಿದ ‘ಹೋಶೋ’ ಗಿಲಕಿಗಳು ಒಂದೇ ಸಮ ಕುಲುಕುತ್ತವೆ. ಎಂಬಿರಾಗಳು ಸುತ್ತಿ ಸುತ್ತಿ ಅದೇ ಹಾಡನ್ನು ನುಡಿಸುತ್ತವೆ. ಆ ಸದ್ದು ಹಿರೀಕರಿಗೆ ಕೇಳಿಸುತ್ತದೆ, ಅವರು ಮೈಮೇಲೆ ಬಂದು ಮಾತಾಡುತ್ತಾರೆ ಎಂಬುದು ನಂಬಿಕೆ.

ಕೇಳುವುದನ್ನು ಕಲಿಯಲು ನನಗೆ ತಿಂಗಳುಗಳೇ ಬೇಕಾದವು. ಒಬ್ಬರು ನುಡಿಸುವ ಭಾಗಕ್ಕೆ ‘ಕುಷೌರಾ’ ಅನ್ನುತ್ತಾರೆ, ಅಂದರೆ ಮುಂದೆ ನಡೆಯುವುದು. ಇನ್ನೊಬ್ಬರದು ‘ಕುತ್ಸಿನ್ಹೀರಾ’, ಹಿಂದೆ ಹೋಗುವುದು. ಎಷ್ಟೋ ಸಲ ಎರಡನೆಯವರು ನುಡಿಸುವುದು ಮೊದಲಿನವರ ಸ್ವರಗಳನ್ನೇ, ಒಂದು ಹೆಜ್ಜೆ ತಡವಾಗಿ ಅಷ್ಟೇ. ಎರಡೂ ಸೇರಿದಾಗ ಒಬ್ಬರ ಸ್ವರದ ಸಂದಿಯಲ್ಲಿ ಇನ್ನೊಬ್ಬರ ಸ್ವರ ಬಂದು ಕೂರುತ್ತದೆ. ಸ್ವಲ್ಪ ಹೊತ್ತಿಗೆ ಇಬ್ಬರೂ ನುಡಿಸದ ಮೂರನೇ ರಾಗವೊಂದು ಕೇಳಿಸತೊಡಗುತ್ತದೆ. ಕೆಳಗಿನ ಸ್ವರಗಳ ಮೇಲೆ ಗಮನ ಇಟ್ಟರೆ ಒಂದು ಹಾಡು, ಮೇಲಿನದರ ಮೇಲೆ ಇಟ್ಟರೆ ಇನ್ನೊಂದು. ಮುಚ್ಚಳದ ಝೀಂಕಾರ ಅವುಗಳ ನಡುವಿನ ಅಂಚನ್ನು ಅಳಿಸಿಬಿಡುತ್ತದೆ. ಹಾಡುವವರು ಕಾಯುವುದು ಇದಕ್ಕೇ. ವಾದ್ಯದೊಳಗೆ ತಮಗೆ ಕೇಳಿಸಿದ ಎಳೆಗೆ ಅವರು ಮಾತು ಜೋಡಿಸುತ್ತಾರೆ. ಗಾದೆ, ಅಳಲು, ಹೊಗಳಿಕೆ, ಕುಟುಕು, ಯಾವುದಾದರೂ ಆಗಬಹುದು. ಆ ಕಲೆಗೆ ‘ಕುದೆಕೆತೆರಾ’ ಅಂತ ಹೆಸರು. ಮೊದಲು ವಾದ್ಯ ಹೇಳಬೇಕು, ಆಮೇಲೆ ಮನುಷ್ಯರು. ‘ಎಂಬಿರಾ?’ ಅಂತ ಆ ವಾದ್ಯ ಕೇಳುತ್ತಿದೆ ಅಂತ ನನಗೆ ಅನ್ನಿಸುವುದು ಇದಕ್ಕೆ. ನಾನು ಹೇಳಿದ್ದು ಕೇಳಿಸಿತಲ್ವಾ, ಈಗ ನೀವು ಅನ್ನುತ್ತೀರಾ?

1890ರಲ್ಲಿ ಸೆಸಿಲ್ ರೋಡ್ಸ್ ಎಂಬ ಬ್ರಿಟಿಷ್ ಉದ್ಯಮಿಯ ಕಂಪನಿ ಬಂದು ಜಮೀನು ಹಿಡಿಯಿತು. ಗುಡಿಸಲಿಗೂ ತೆರಿಗೆ ಹಾಕಿತು. 1896ರಲ್ಲಿ ಜನ ತಿರುಗಿಬಿದ್ದರು. ಅದನ್ನು ಇವತ್ತು ಮೊದಲ ‘ಚಿಮುರೆಂಗಾ’ ಅನ್ನುತ್ತಾರೆ. ಮುರೆಂಗಾ ಎಂಬ ಪೂರ್ವಜನ ಹೆಸರಿನಿಂದ ಬಂದ ಮಾತು. ಆ ದಂಗೆಯ ಹಿಂದೆ ಚಾರ್ವೆ ಎಂಬ ಹೆಂಗಸು ಇದ್ದಳು. ನೆಹಾಂಡಾ ಎಂಬ ಹಿರೀಕಳ ಆತ್ಮ ಅವಳ ಮೈಮೇಲೆ ಬರುತ್ತಿತ್ತು. 1898ರಲ್ಲಿ ಅವಳನ್ನು ಗಲ್ಲಿಗೇರಿಸಿದರು. ‘ನನ್ನ ಮೂಳೆಗಳು ಮತ್ತೆ ಎದ್ದು ಬರುತ್ತವೆ’ ಅಂದಳು ಅಂತ ಅಲ್ಲಿನ ಜನ ಇಂದಿಗೂ ಹೇಳುತ್ತಾರೆ.

ಹಿರೀಕರನ್ನು ಕರೆಯುವ ವಾದ್ಯ ಅಂದ ಮೇಲೆ ಮಿಷನರಿಗಳ ಕಣ್ಣಿಗೆ ಎಂಬಿರಾ ಸೈತಾನನ ಸಾಮಾನಾಗಿ ಕಂಡಿತು. ಚರ್ಚಿಗೆ ಸೇರಿದವರು, ಮಿಷನ್ ಶಾಲೆಯಲ್ಲಿ ಓದುವವರು ಅದನ್ನು ಮುಟ್ಟುವ ಹಾಗಿರಲಿಲ್ಲ. ಮುಂದೆ ದೊಡ್ಡ ಕಲಾವಿದರಾದ ಚಾರ್ಟ್‌ವೆಲ್ ದುತಿರೊ ಮಿಷನರಿಗಳ ನಿಷೇಧ ಇದ್ದ ಊರಿನಲ್ಲೇ ನಾಲ್ಕನೇ ವಯಸ್ಸಿಗೆ ಅಣ್ಣನ ಜೊತೆ ಕೂತು ನುಡಿಸಲು ಕಲಿತರು. ಇನ್ನು ಸ್ಟೆಲ್ಲಾ ಚಿವೇಷೆ. ಅವರಿಗೆ ಎರಡು ಗೋಡೆ. ಒಂದು ಬಿಳಿಯರ ಸರ್ಕಾರದ್ದು, ಇನ್ನೊಂದು ತಮ್ಮ ಜನರದ್ದೇ. ಹೆಣ್ಣುಮಗಳು ಎಂಬಿರಾ ಹಿಡಿಯಬಾರದು ಅನ್ನುತ್ತಿದ್ದ ಕಾಲ. ಕಲಿಸುವವರೇ ಸಿಗಲಿಲ್ಲ. ಕೊನೆಗೆ ಬಂಧುವೊಬ್ಬರು, ಅಜ್ಜನ ವರಸೆಯವರು, ಒಪ್ಪಿದರು. ಹಗಲು ಮನೆಗೆಲಸ, ರಾತ್ರಿ ಕದ್ದುಮುಚ್ಚಿ ನಡೆಯುವ ಬೀರಾಗಳಲ್ಲಿ ನುಡಿಸುವುದು. 1974ರಲ್ಲಿ ಮೊದಲ ರೆಕಾರ್ಡ್ ಮಾಡುವಾಗ ಕೈಯಲ್ಲಿದ್ದದ್ದು ಎರವಲು ತಂದ ಎಂಬಿರಾ. ಆ ಹಾಡು ದೇಶವಿಡೀ ಗೆದ್ದಿತು. 2023ರ ಜನವರಿಯಲ್ಲಿ ಅವರು ತೀರಿಕೊಂಡ ಸುದ್ದಿ ಬಂದ ದಿನ ಇಡೀ ಸಂಜೆ ಅವರನ್ನೇ ಕೇಳಿದೆ. ಅವರ ಎಂಬಿರಾದಲ್ಲಿ ಮುಚ್ಚಳದ ಸದ್ದು ತುಂಬ ಒರಟು. ಏನನ್ನೋ ಉಜ್ಜಿ ಉಜ್ಜಿ ಹೊರಗೆ ತೆಗೆಯುತ್ತಿದ್ದಾರೆ ಅನ್ನಿಸುತ್ತದೆ.

ಆದರೆ ಈ ಸದ್ದನ್ನು ಹಳ್ಳಿಯ ಅಂಗಳದಿಂದ ಪಟ್ಟಣದ ಹೆಂಡದಂಗಡಿಗೆ, ಅಲ್ಲಿಂದ ಯುದ್ಧಕ್ಕೆ ಕೊಂಡೊಯ್ದದ್ದು ಒಂದು ಎಲೆಕ್ಟ್ರಿಕ್ ಗಿಟಾರ್. ನನಗೆ ತುಂಬ ಇಷ್ಟವಾದ ಭಾಗ ಇದು.

ಥಾಮಸ್ ಮಪ್ಫುಮೊ ಹುಟ್ಟಿದ್ದು 1945ರಲ್ಲಿ, ಮರೊಂಡೆರಾದಲ್ಲಿ. ಬೆಳೆದದ್ದು ಹಳ್ಳಿಯಲ್ಲಿ, ಅಜ್ಜ ಅಜ್ಜಿಯ ಜೊತೆ. ಆಮೇಲೆ ರಾಜಧಾನಿಯ ಎಂಬಾರೆ ಎಂಬ ಕಪ್ಪು ಜನರ ಬಡಾವಣೆಗೆ ಬಂದರು. ಯುವಕನಾಗಿದ್ದಾಗ ಎಲ್ಲರ ಹಾಗೆ ಎಲ್ವಿಸ್ ಪ್ರೆಸ್ಲಿ, ಬೀಟಲ್ಸ್ ಹಾಡುತ್ತಿದ್ದರು. 1970ರ ದಶಕದ ಮೊದಲಲ್ಲಿ ಮಂಗುರಾ ಎಂಬ ತಾಮ್ರದ ಗಣಿಯಲ್ಲಿ, ಕಾರ್ಮಿಕರ ಮನರಂಜನೆಗೆ ಅಂತ ಇದ್ದ ‘ಹಲ್ಲೆಲೂಯಾ ಚಿಕನ್ ರನ್ ಬ್ಯಾಂಡ್’ ಸೇರಿದರು. ಗಣಿಯವರಿಗೆ ಇಂಗ್ಲಿಷ್ ಹಾಡು ಯಾಕೆ? ಅಲ್ಲಿಂದ ಶೋನಾ ಹಾಡು ಶುರುವಾಯಿತು. ಗಿಟಾರ್ ನುಡಿಸುತ್ತಿದ್ದ ಜೋಶುವಾ ದುಬೆ ಎಂಬಿರಾದ ಎಳೆಗಳನ್ನು ಗಿಟಾರ್ ತಂತಿಯ ಮೇಲೆ ಹುಡುಕತೊಡಗಿದರು. ಮುಂದೆ ಮಪ್ಫುಮೊ ಜೊತೆಗೂಡಿದ ಜೋನಾ ಸಿಥೋಲೆ ಅದನ್ನು ಒಂದು ಶೈಲಿಯಾಗಿಯೇ ಬೆಳೆಸಿದರು.

ಆ ತಂತ್ರ ಸರಳ. ಬಲಗೈಯ ಅಂಗೈ ಅಂಚನ್ನು ಗಿಟಾರ್‌ನ ಕುದುರೆಯ ಹತ್ತಿರ ತಂತಿಗಳಿಗೆ ತಾಗಿಸಿ ಇಡಬೇಕು. ಆಗ ಸ್ವರ ಉದ್ದಕ್ಕೆ ಎಳೆಯುವುದಿಲ್ಲ. ಟಕ್ ಅಂತ ಹುಟ್ಟಿ ಅಲ್ಲೇ ಮುಗಿಯುತ್ತದೆ, ಕಬ್ಬಿಣದ ಕಡ್ಡಿ ಮೀಟಿದ ಹಾಗೆ. ಎಡ ಹೆಬ್ಬೆರಳಿನ ಮಂದ್ರ ಸ್ವರಗಳು ಬೇಸ್ ಗಿಟಾರ್‌ಗೆ ಹೋದವು. ಹೋಶೋ ಗಿಲಕಿಯ ಕೆಲಸವನ್ನು ಡ್ರಮ್ ಸೆಟ್‌ನ ಹೈಹ್ಯಾಟ್ ತಾಳ ವಹಿಸಿಕೊಂಡಿತು. ಒಂದು ಬೀರಾವನ್ನು ಬಿಡಿಸಿ ಒಂದೊಂದೇ ಭಾಗವನ್ನು ಬ್ಯಾಂಡಿಗೆ ಹಂಚಿದ ಹಾಗೆ. ಹೆಡ್‌ಫೋನ್ ಹಾಕಿಕೊಂಡು ಮೊದಲು ಮುಚ್ಚಳದ ಎಂಬಿರಾ, ಆಮೇಲೆ 1970ರ ದಶಕದ ಮಪ್ಫುಮೊ ಕೇಳಿ ನೋಡಿ. ಅದೇ ಸುತ್ತು, ಅದೇ ಸಂದಿಗಳು. ಗಿಟಾರ್ ಒಳಗೆ ಯಾರೋ ಎಂಬಿರಾ ಬಚ್ಚಿಟ್ಟಿದ್ದಾರೆ ಅನ್ನಿಸದಿದ್ದರೆ ಹೇಳಿ.

ಬಚ್ಚಿಡಲೇಬೇಕಾದ ಕಾಲ ಅದು. 1930ರ ಒಂದು ಕಾನೂನು ದೇಶದ ಸುಮಾರು ಅರ್ಧ ಭೂಮಿಯನ್ನು ಬೆರಳೆಣಿಕೆಯ ಬಿಳಿಯರಿಗೆ ಬರೆದುಕೊಟ್ಟಿತ್ತು. 1965ರಲ್ಲಿ ಇಯಾನ್ ಸ್ಮಿತ್ ಎಂಬ ಪ್ರಧಾನಿಯ ಬಿಳಿಯರ ಸರ್ಕಾರ, ಕಪ್ಪು ಜನರ ಕೈಗೆ ಅಧಿಕಾರ ಹೋಗಬಾರದು ಅಂತ, ಬ್ರಿಟನ್ನಿಂದ ತಾನೇ ಬೇರೆಯಾಗಿ ನಿಂತಿತು. ಕಾಡಿನಲ್ಲಿ ಗೆರಿಲ್ಲಾ ಯುದ್ಧ ಶುರುವಾಯಿತು. ಅದಕ್ಕೆ ಎರಡನೇ ಚಿಮುರೆಂಗಾ ಅಂತ ಹೆಸರಾಯಿತು. ಹೋರಾಟಗಾರರು ರಾತ್ರಿ ಹಳ್ಳಿಗೆ ಬಂದು ಜನರನ್ನು ಸೇರಿಸಿ ಬೆಳಗಿನವರೆಗೆ ಹಾಡಿಸುತ್ತಿದ್ದರು. ಅದು ‘ಪುಂಗ್ವೆ’. ಇಡೀ ರಾತ್ರಿ ದೊಡ್ಡಾಟ ನೋಡಿ ಬೆಳೆದ ನಮ್ಮ ಕಡೆಯವರಿಗೆ ಆ ರಾತ್ರಿಗಳ ಬಿಸಿ ಸ್ವಲ್ಪ ಅರ್ಥವಾಗಬಹುದು. ಆದರೆ ಅಲ್ಲಿ ಬೆಳಗಾದ ಮೇಲೆ ಸೈನಿಕರು ಬಂದು, ರಾತ್ರಿ ಹಾಡಿದವರು ಯಾರು ಅಂತ ಕೇಳುತ್ತಿದ್ದರು.

ಪಟ್ಟಣದಲ್ಲಿ ಮಪ್ಫುಮೊ ತಮ್ಮ ಹಾಡಿಗೆ ಅದೇ ಚಿಮುರೆಂಗಾ ಹೆಸರಿಟ್ಟರು. ಕೆಲವು ಹಾಡು ನೇರವಾಗಿಯೇ ಇದ್ದವು. ‘ಪ್ಫುಂವು ಪರುಝೇವಾ’ ಅಂದರೆ ಹಳ್ಳಿಗಾಡಿನಲ್ಲಿ ಸಂಕಟ. ‘ತುಮಿರಾ ವಾನಾ ಕುಹೊಂಡೊ’, ಮಕ್ಕಳನ್ನು ಯುದ್ಧಕ್ಕೆ ಕಳಿಸಿ. ಇನ್ನು ಕೆಲವು ಗಾದೆಯ ಭಾಷೆ. ಸ್ವಾತಂತ್ರ್ಯದ ಹೊತ್ತಿಗೆ ಬಂದ ಒಂದು ಆಲ್ಬಂನ ಹೆಸರು ‘ದಟ್ಟ ಕಾಡಿನಲ್ಲಿ ಸಿಂಹ ಇದೆ’. ಅಷ್ಟೇ. ಶೋನಾ ನಂಬಿಕೆಯಲ್ಲಿ ಸಿಂಹ ಅಂದರೆ ದೊಡ್ಡ ಹಿರೀಕರ ಆತ್ಮ. ಕಾಡಿನಲ್ಲಿ ಆಗ ಇದ್ದವರು ಯಾರು ಅಂತಲೂ ಎಲ್ಲರಿಗೂ ಗೊತ್ತು. ಬೆಡಗಿನ ವಚನ ಓದಿದವರಿಗೆ ಈ ರೀತಿ ಹೊಸದಲ್ಲ. ಗೊತ್ತಿದ್ದವರಿಗೆ ಪೂರ್ತಿ ಅರ್ಥ, ಗೊತ್ತಿಲ್ಲದವರಿಗೆ ಬರೀ ಕಾಡು, ಬರೀ ಸಿಂಹ.

ನನ್ನ ಅನಿಸಿಕೆ ಕೇಳಿದರೆ, ಮಾತಿಗಿಂತ ಜಾಸ್ತಿ ಹೆದರಿಸಿದ್ದು ಆ ಗಿಟಾರ್. ಮಾತಿಗೆ ಬೇರೆ ಅರ್ಥ ಹೇಳಿ ತಪ್ಪಿಸಿಕೊಳ್ಳಬಹುದು. ಚರ್ಚು, ಶಾಲೆ, ರೇಡಿಯೋ ಎಲ್ಲ ಸೇರಿ ‘ನಿಮ್ಮ ಹಿರೀಕರು ಸುಳ್ಳು’ ಅಂತ 80 ವರ್ಷ ಕಲಿಸಿದ ಮೇಲೆ, ಅಂಗಡಿಯ ರೆಕಾರ್ಡ್ ಪೆಟ್ಟಿಗೆಯಿಂದ ಅದೇ ಹಿರೀಕರ ಸುತ್ತು ಕೇಳಿಸಿತು. ಅದೂ ಪಾಶ್ಚಾತ್ಯ ವಾದ್ಯದಲ್ಲೇ. ಇದನ್ನು ಯಾವ ಕಾನೂನಿನ ಕೆಳಗೆ ಹಿಡಿಯುವುದು?

ಹಿಡಿದರು. 1978ರಲ್ಲಿ ‘ಹೊಕೋಯೋ’ ಆಲ್ಬಂ ಬಂತು. ಅದರ ಅರ್ಥ ‘ಎಚ್ಚರ!’ ಸರ್ಕಾರಿ ರೇಡಿಯೋ ಅವರ ಹಾಡು ನಿಲ್ಲಿಸಿತು. ಜನ ಮೊಜಾಂಬಿಕ್‌ನಿಂದ ಬರುತ್ತಿದ್ದ ಹೋರಾಟಗಾರರ ರೇಡಿಯೋದಲ್ಲಿ ಕೇಳಿದರು, ರಾತ್ರಿ, ಸದ್ದು ಸಣ್ಣದು ಮಾಡಿಕೊಂಡು. ಕೊನೆಗೆ ಯಾವ ಆರೋಪವನ್ನೂ ಹೊರಿಸದೆ ಮಪ್ಫುಮೊ ಅವರನ್ನು ಸುಮಾರು ಮೂರು ತಿಂಗಳು ಕೂಡಿಹಾಕಿದರು. ಬಿಟ್ಟ ಮೇಲೆ, ಸ್ಮಿತ್ ಜೊತೆ ಕೈಜೋಡಿಸಿದ್ದ ಬಿಷಪ್ ಮುಜೊರೇವಾ ಅವರ ಸಭೆಯಲ್ಲಿ ಹಾಡಬೇಕಾಯಿತು. ಅದು ಅವರ ಹೆಸರಿಗೆ ಅಂಟಿದ ಕಲೆ ಅಂತ ಕೆಲವರು ಈಗಲೂ ಎಣಿಸುತ್ತಾರೆ. ಜೈಲಿನಿಂದ ಹೊರಬಂದ ಮನುಷ್ಯನನ್ನು, ನೀನು ಯಾಕೆ ಹಾಡಿದೆ ಅಂತ ದೂರ ಕೂತು ಕೇಳಲು ನನಗೆ ಬಾಯಿ ಬರುವುದಿಲ್ಲ.

1980ರ ಏಪ್ರಿಲ್ 18ಕ್ಕೆ ಸ್ವಾತಂತ್ರ್ಯ. ರುಫಾರೊ ಮೈದಾನದಲ್ಲಿ ಬಾಬ್ ಮಾರ್ಲಿ ಹಾಡಿದರು. ಒಳಗೆ ಬರಲು ಜಾಗ ಸಿಗದೆ ನುಗ್ಗಿದ ಜನರ ಮೇಲೆ ಪೊಲೀಸರು ಅಶ್ರುವಾಯು ಹಾರಿಸಿದರು. ಸ್ವಾತಂತ್ರ್ಯದ ಮೊದಲ ರಾತ್ರಿಯೇ. ಆ ಸಂಭ್ರಮದಲ್ಲಿ ಮಪ್ಫುಮೊ ಕೂಡ ಹಾಡಿದರು. ಅಲ್ಲಿಗೇ ಮುಗಿದಿದ್ದರೆ ಇದೊಂದು ಸುಖದ ಕತೆ.

ಆಮೇಲಿನ ಕೆಲವು ವರ್ಷ ನನಗೆ ಕಷ್ಟ ಕೊಡುತ್ತವೆ. ಗೆದ್ದವರ ಖುಷಿಯ ಹಾಡುಗಳು ಬಂದವು. ಸೋತವರಿಗೆ ‘ನಾಚಿಕೆಪಡಿ’ ಅನ್ನುವ ಹಾಡೂ ಬಂತು. ಅದೇ ಹೊತ್ತಿಗೆ, 1983ರಿಂದ, ದೇಶದ ಪಶ್ಚಿಮದಲ್ಲಿ, ಸ್ವತಂತ್ರ ದೇಶದ ಪ್ರಧಾನಿಯಾಗಿದ್ದ ಮುಗಾಬೆಯ ಸರ್ಕಾರದ ಸೇನಾ ತುಕಡಿ ಅಲ್ಲಿನ ಎಂಡೆಬೆಲೆ ಸಮುದಾಯದ ಜನರನ್ನು ಕೊಲ್ಲುತ್ತಿತ್ತು. ಸತ್ತವರು 20 ಸಾವಿರದವರೆಗೂ ಇದ್ದಾರೆ ಅನ್ನುವ ಲೆಕ್ಕವಿದೆ. ಆ ಕಾರ್ಯಾಚರಣೆಗೆ ಇಟ್ಟ ಹೆಸರು ‘ಗುಕುರಹುಂದಿ’. ಮಳೆಗಾಲಕ್ಕೆ ಮುಂಚೆ ಬಿದ್ದು ಹೊಟ್ಟನ್ನೆಲ್ಲ ತೊಳೆದುಕೊಂಡು ಹೋಗುವ ಮಳೆ ಅಂತ ಅರ್ಥ. ಎಷ್ಟು ಚಂದದ ಮಾತನ್ನು ಎಂಥ ಕೆಲಸಕ್ಕೆ ಹಚ್ಚಿದರು. ಆ ವರ್ಷಗಳ ಚಿಮುರೆಂಗಾ ಹಾಡುಗಳನ್ನು ಕೇಳುವಾಗ ಆ ನೋವಿಗೆ ಕಿವಿಗೊಟ್ಟು ಕಾಯುತ್ತೇನೆ. ಸಿಗುವುದಿಲ್ಲ. ಪ್ರೀತಿಸುವ ಹಾಡುಗಾರನ ಬಗ್ಗೆ ಇದನ್ನು ಬರೆಯುವುದು ಸುಲಭವಲ್ಲ, ಬರೆಯದಿದ್ದರೆ ಸರಿಯೂ ಅಲ್ಲ.

ತಿರುವು ಬಂದದ್ದು 1989ರಲ್ಲಿ. ಮಂತ್ರಿಗಳು ಸರ್ಕಾರಿ ಬೆಲೆಗೆ ಕಾರು ಕೊಂಡು ದುಪ್ಪಟ್ಟು ರೇಟಿಗೆ ಮಾರುತ್ತಿದ್ದ ಹಗರಣವನ್ನು ಬುಲವಾಯೊದ ಒಂದು ಪತ್ರಿಕೆ ಬಯಲಿಗೆಳೆದಿತ್ತು. ಮಪ್ಫುಮೊ ‘ಕರಪ್ಷನ್’ ಅಂತ ನೇರ ಹೆಸರಿನಲ್ಲೇ ಹಾಡು ಮಾಡಿದರು. ಗಾದೆ ಇಲ್ಲ, ಸಿಂಹ ಇಲ್ಲ. ಅಷ್ಟು ಹೊತ್ತಿಗೆ ಬ್ಯಾಂಡಿನೊಳಗೆ ಗಿಟಾರ್ ಪಕ್ಕದಲ್ಲೇ ನಿಜವಾದ ಎಂಬಿರಾಗಳು ಬಂದು ಕೂತಿದ್ದವು. ಅಣ್ಣನಿಂದ ಕದ್ದುಮುಚ್ಚಿ ಕಲಿತ ಚಾರ್ಟ್‌ವೆಲ್ ದುತಿರೊ ಆ ಬ್ಯಾಂಡಿನಲ್ಲಿ ನುಡಿಸಿದ್ದು ಆ ವರ್ಷಗಳಲ್ಲೇ. ಬಚ್ಚಿಡುವ ಕಾಲ ಮುಗಿದಿತ್ತು. ಹತ್ತು ವರ್ಷದ ಮೇಲೆ ‘ಮಂವೆಂವೆ’ ಬಂತು. ಚಿಂದಿ ಅಂತ ಅರ್ಥ. ನೀವು ಅತ್ತು ಕರೆದು ಪಡೆದ ದೇಶ ಈಗ ಚಿಂದಿಯಾಗಿದೆ ಅನ್ನುವ ಹಾಡು. ಹಿಂದೆ ಬಿಳಿಯರ ರೇಡಿಯೋ ನಿಲ್ಲಿಸಿದ್ದ ಗಾಯಕನನ್ನು ಈಗ ಸ್ವತಂತ್ರ ದೇಶದ ರೇಡಿಯೋ ದೂರ ಇಟ್ಟಿತು. ಕದ್ದ ಕಾರು ಕೊಂಡ ಆರೋಪವೂ ಮೈಮೇಲೆ ಬಂತು. 2000ದಲ್ಲಿ ಅವರು ಕುಟುಂಬದ ಜೊತೆ ಅಮೆರಿಕದ ಆರೆಗನ್‌ಗೆ ಹೋದರು.

ಆಗಿನ ಜಿಂಬಾಬ್ವೆ ನಮಗೆ ಗೊತ್ತಿದ್ದದ್ದು ಕ್ರಿಕೆಟ್‌ನಿಂದ ಮಾತ್ರ. 1998ರ ಶಾರ್ಜಾ ನೆನಪಿದ್ಯಾ? ಹೆನ್ರಿ ಒಲಂಗಾ ಬೌನ್ಸರ್ ಹಾಕಿ ಸಚಿನ್ ವಿಕೆಟ್ ಪಡೆದದ್ದು, ಫೈನಲ್‌ನಲ್ಲಿ ಸಚಿನ್ ಔಟಾಗದೆ 124 ಹೊಡೆದದ್ದು. ನಮ್ಮ ಓಣಿಯ ಹುಡುಗರು ವಾರಗಟ್ಟಲೆ ಅದನ್ನೇ ಆಡಿ ತೋರಿಸುತ್ತಿದ್ದರು. ಅದೇ ಒಲಂಗಾ 2003ರ ಫೆಬ್ರುವರಿ 10ರಂದು, ವಿಶ್ವಕಪ್ ಪಂದ್ಯಕ್ಕೆ, ಆಂಡಿ ಫ್ಲವರ್ ಜೊತೆ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಹರಾರೆ ಮೈದಾನಕ್ಕೆ ಇಳಿದರು. ನಮ್ಮ ಪ್ರೀತಿಯ ಜಿಂಬಾಬ್ವೆಯಲ್ಲಿ ಪ್ರಜಾಪ್ರಭುತ್ವದ ಸಾವಿಗೆ ಶೋಕ ಅಂತ ಇಬ್ಬರೂ ಹೇಳಿಕೆ ಕೊಟ್ಟರು. ಒಲಂಗಾ ಕೂಡ ದೇಶ ಬಿಡಬೇಕಾಯಿತು. ಅವರೂ ಹಾಡುಗಾರರೇ ಅಂತ ನನಗೆ ತಿಳಿದದ್ದು ತುಂಬ ತಡವಾಗಿ. ಆ ಕಪ್ಪು ಪಟ್ಟಿ ಕಂಡಾಗ ನಾವು ಟಿವಿ ಮುಂದೆ, ಯಾರೋ ತೀರಿಕೊಂಡಿರಬೇಕು ಅಂತ ಮಾತಾಡಿಕೊಂಡೆವು. ಮಪ್ಫುಮೊ ನಾಲ್ಕು ವರ್ಷ ಮೊದಲೇ ಅದನ್ನು ಹಾಡಿ ಮುಗಿಸಿದ್ದರು.

ಇಲ್ಲಿ ಇನ್ನೊಂದು ಸಂಗತಿ ನಡೆಯಿತು. 2000ದ ನಂತರ ಬಿಳಿಯರ ತೋಟಗಳನ್ನು ಬಲವಂತದಿಂದ ಹಿಡಿದ ಕಾರ್ಯಕ್ಕೆ ಸರ್ಕಾರ ‘ಮೂರನೇ ಚಿಮುರೆಂಗಾ’ ಅಂತ ಹೆಸರಿಟ್ಟಿತು. ಭೂಮಿಯ ಅನ್ಯಾಯ ನಿಜವಾದದ್ದೇ, ನೂರು ವರ್ಷ ಹಳೆಯದು. ಆದರೆ ಹಾಡುಗಾರ ಪರದೇಶದಲ್ಲಿ, ಅವನ ಹಾಡಿನ ಹೆಸರು ಮಾತ್ರ ಮಂತ್ರಿಗಳ ಬಾಯಲ್ಲಿ. 2021ರ ಮೇ ತಿಂಗಳಲ್ಲಿ ಹರಾರೆಯ ನಡುರಸ್ತೆಯ ಮೇಲೆ ನೆಹಾಂಡಾ ಪ್ರತಿಮೆ ನಿಂತಿತು. ಎದ್ದು ಬರುತ್ತವೆ ಅಂದ ಮೂಳೆಗಳನ್ನು ಲೋಹದಲ್ಲಿ ಎರಕ ಹೊಯ್ದು ನಿಲ್ಲಿಸಿದ್ದಾರೆ. ಫೋಟೋ ನೋಡಿದರೆ ಕೆಲಸ ಚೆನ್ನಾಗಿದೆ. ಆದರೆ ಅವಳು ಮೈಮೇಲೆ ಬಂದು ಮಾತಾಡುತ್ತಿದ್ದವಳು. ಬಂದಾಗ ಏನು ಹೇಳುತ್ತಾಳೆ ಅಂತ ಯಾರಿಗೂ ಮೊದಲೇ ಗೊತ್ತಿರುತ್ತಿರಲಿಲ್ಲ. ಪ್ರತಿಮೆಯ ವಿಷಯದಲ್ಲಿ ಆ ಭಯ ಇಲ್ಲ. ಮುಚ್ಚಳ ಕಿತ್ತ ಎಂಬಿರಾ ನೋಡಿದ ಹಾಗೆ ಆಯಿತು ನನಗೆ.

2017ರ ನವೆಂಬರ್‌ನಲ್ಲಿ ಮುಗಾಬೆ ಇಳಿದರು. ಮರುವರ್ಷ ಏಪ್ರಿಲ್‌ನಲ್ಲಿ, 72 ದಾಟಿದ ಮಪ್ಫುಮೊ ಹರಾರೆಯ ಗ್ಲಾಮಿಸ್ ಅರೇನಾದಲ್ಲಿ ಹಾಡಿದರು. ವರ್ಷಗಳ ಮೇಲೆ ತಾಯ್ನಾಡಿನಲ್ಲಿ. ಕಾರ್ಯಕ್ರಮಕ್ಕೆ ‘ಬಿಗ್ ಬೀರಾ’ ಅಂತ ಹೆಸರು. ಅದರ ತುಣುಕುಗಳನ್ನು ಫೋನಿನಲ್ಲಿ ನೋಡಿದೆ. ಉದ್ದನೆಯ ಜಡೆಗೂದಲು, ಮೈಕ್ ಹಿಡಿದು ಹೆಚ್ಚು ಅಲುಗಾಡದೆ ನಿಂತ ಮುದುಕ. ಎದುರಿಗೆ ಅವರು ದೇಶ ಬಿಟ್ಟಾಗ ಹುಟ್ಟೇ ಇರದ ಹುಡುಗರು. ಅವರಿಗೂ ಎಲ್ಲ ಸಾಲುಗಳು ಬಾಯಿಗೆ ಬರುತ್ತಿದ್ದವು.

ನನ್ನ ಕಲಿಂಬಾ ಬಂದ ವರ್ಷದ ಕೊನೆಗೆ, 2020ರ ಡಿಸೆಂಬರ್‌ನಲ್ಲಿ, ಜಿಂಬಾಬ್ವೆ ಮತ್ತು ಮಲಾವಿ ಎರಡೂ ದೇಶಗಳ ಈ ವಾದ್ಯ ಮಾಡುವ, ನುಡಿಸುವ ಕಲೆಯನ್ನು ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಒಳ್ಳೆಯದೇ.

ಹೋದ ವರ್ಷ ದೀಪಾವಳಿಗೆ ಧಾರವಾಡಕ್ಕೆ ಹೋದಾಗ ಕಾಕಾ ಅವರನ್ನು ನೋಡಲು ಹೋಗಿದ್ದೆ. ವಯಸ್ಸು 80 ದಾಟಿದೆ. ಬೆರಳು ನಡುಗುತ್ತವೆ, ತಂಬೂರಿ ಗವಸಣಿಗೆಯೊಳಗೆ ಮೂಲೆಯಲ್ಲಿದೆ. ಸುಮ್ನೆ ಫೋನ್ ತೆಗೆದು ಸ್ಟೆಲ್ಲಾ ಚಿವೇಷೆ ಹಚ್ಚಿದೆ. ಕಾಕಾ ಕಣ್ಣು ಮುಚ್ಚಿಕೊಂಡರು. ಒಂದು ನಿಮಿಷ ಏನೂ ಅನ್ನಲಿಲ್ಲ.

‘ಯಾರದಿದು ತಂಬೂರಿ?’

‘ತಂಬೂರಿ ಅಲ್ರಿ ಕಾಕಾ. ಆಫ್ರಿಕಾದ ವಾದ್ಯ. ಕಬ್ಬಿಣದ ಕಡ್ಡಿ, ಸೋಡಾ ಬಾಟಲಿ ಮುಚ್ಚಳ.’

‘ಏನರ ಇರ್ಲಿ. ಜವಾರಿ ಭಾಳ ಛಲೋ ಬಿಟ್ಟದ.’ ಸ್ವಲ್ಪ ಹೊತ್ತು ಕೇಳಿ, ‘ಆಕಿ ಏನ್ ಹಾಡಾಕತ್ತಾಳ?’ ಅಂದರು.

ಹಿರೀಕರನ್ನ ಕರೀತಾಳ್ರಿ, ಊರಿನ ಕಷ್ಟ ಹೇಳ್ಕೋತಾಳ ಅಂದೆ. ಹೂಂ ಅಂದರು. ಹಾಡು ಮುಗಿಯಿತು. ಫೋನ್ ಕಡೆ ಕೈ ತೋರಿಸಿದರು.

‘ಇನ್ನೊಮ್ಮೆ ಹಚ್ಚವಾ.’